ರಬ್ಬರಿನ ಹೊಸ್ತಿಲು

ನಮ್ಮ ಬೀದಿಯ ಮನೆಗಳಿಗೆ ಜಗಲಿಯಿಲ್ಲ.
ಬಾಗಿಲು ತೆಗೆದರೆ ಕಾಲಿಗೇ ಫುಟ್‌ಪಾತು,
ಆಮೇಲೆ ಕಾರು, ಅದರಾಚೆ ಎದುರು ಮನೆಯ ಕಾರು,
ನಡುವೆ ಹಾಲಿನ ವ್ಯಾನು
ಉಸಿರು ಬಿಗಿಹಿಡಿದು ದಾಟುವಷ್ಟು ದಾರಿ.
ಗಣಿ ಕೆಲಸದವರಿಗೆಂದು ಕಟ್ಟಿದ ಸಾಲು;
ಮುಂದೊಂದು ದಿನ ಇಲ್ಲಿಯವರಿಗೂ ಕಾರಿರುತ್ತದೆಂದು
ಕಟ್ಟಿಸಿದವನಿಗೆ ಕನಸೂ ಬಿದ್ದಿರಲಿಲ್ಲ.

ವೇಲ್ಸಿನ ಈ ಕಣಿವೆಯಲ್ಲಿ ಬೀದಿಯೆಂದರೆ
ಬೆಟ್ಟಕ್ಕೆ ಒರಗಿಸಿಟ್ಟ ಏಣಿ.
ಮೇಲಿನ ಮೆಟ್ಟಿಲುಗಳಲ್ಲಿ ನನ್ನ ಮುದುಕಿಯರಿದ್ದಾರೆ:
ಒಬ್ಬಳಿಗೆ ಬೆಳಿಗ್ಗೆ ಆರಕ್ಕೆ ಇನ್ಸುಲಿನ್,
ಒಬ್ಬಳ ಕಾಲಿನ ಹುಣ್ಣಿಗೆ ಹೊಸ ಪಟ್ಟಿ,
ಇನ್ನೊಬ್ಬಳಿಗೆ ಏನೂ ಬೇಡ, ಬೈಯಲು ಒಬ್ಬರು ಬೇಕು.
ಅದಕ್ಕೇ ಈ ಕಾರು. ಯಾರೋ ಓಡಿಸಿ ಬಿಟ್ಟದ್ದು, ಬೂದು ಬಣ್ಣ.
ಚಳಿ ಬಂದರೆ ಅದಕ್ಕೂ ನನ್ನ ಮಂಡಿಯ ಹಾಗೆ
ಅರ್ಧ ಶಕ್ತಿ ಎಲ್ಲೋ ಇಳಿದುಹೋಗುತ್ತದೆ.

ರಾತ್ರಿ ಹನ್ನೆರಡೂವರೆಯಿಂದ ಐದೂವರೆ ತನಕ ಕರೆಂಟು ಅಗ್ಗ.
ಅಲಾರಂ ಇಟ್ಟು ಎದ್ದು, ನೈಟಿಯ ಮೇಲೆ ಕೋಟು ಹಾಕಿ,
ಬಾಗಿಲಿನ ಅಂಚೆಕಿಂಡಿಯಿಂದ ವೈರು ಹೊರತಳ್ಳುತ್ತೇನೆ.
ಕಾಗದ ಒಳಬರುವ ದಾರಿಯಲ್ಲಿ ಕರೆಂಟು ಹೊರಹೋಗುತ್ತದೆ,
ಬದಲಿಗೆ ಗಾಳಿ ಒಳಬರುತ್ತದೆ,
ಬೆಕ್ಕು ನನ್ನನ್ನೇ ದುರುಗುಟ್ಟುತ್ತದೆ.
ಫುಟ್‌ಪಾತಿನ ಮೇಲೆ ವೈರಿಗೆ ರಬ್ಬರಿನ ಹೊದಿಕೆ,
ಹಳದಿ ಕಪ್ಪು ಪಟ್ಟೆ, ಕಡಜದ ಬೆನ್ನಿನಂಥದು.

ಇದೆಲ್ಲ ಕಾರು ಮನೆ ಮುಂದೆಯೇ ನಿಂತರೆ.
ಬುಧವಾರ ಪ್ರಾಸರ್ ಮನೆಗೆ ಅಳಿಯ ಬರುತ್ತಾನೆ,
ಅವನ ವ್ಯಾನು ನನ್ನ ಬಾಗಿಲನ್ನೇ ನುಂಗುತ್ತದೆ.
ಕಸದ ಡಬ್ಬಿ ಅಡ್ಡ ಇಟ್ಟು ನೋಡಿದೆ;
ಅದನ್ನೆತ್ತಿ ಬದಿಗಿಟ್ಟು, ಮುಚ್ಚಳದ ಮೇಲೆ ಸಭ್ಯವಾಗಿ
‘ಥ್ಯಾಂಕ್ಸ್’ ಚೀಟಿ ಅಂಟಿಸಿದ್ದ.
ಬೀದಿ ಯಾರಪ್ಪನದೂ ಅಲ್ಲ, ನಿಜ.
ಆದರೂ ಮೂವತ್ತು ವರ್ಷ ಅದೇ ಕಲ್ಲು ಗುಡಿಸಿದ ಮೇಲೆ
ಸಣ್ಣದೊಂದು ಹಕ್ಕು ಹುಟ್ಟಿಬಿಡುತ್ತದೆ.

ಕೌನ್ಸಿಲಿನ ಕಾಗದ ಬಂತು, ಅದೇ ಕಿಂಡಿಯಿಂದ,
ವೈರನ್ನು ಬದಿಗೊತ್ತಿಕೊಂಡು.
ಪಾದಚಾರಿಗಳಿಗೆ ತೊಡಕು. ದೂರು ಬಂದಿದೆ. ತೆಗೆಯತಕ್ಕದ್ದು.
ಸಣ್ಣ ತೋಡು ಕೊರೆಸಿ ವೈರು ಹೂಳಬಹುದು,
ಅರ್ಜಿ ಕೊಡಿ, ಶುಲ್ಕ ಕಟ್ಟಿ, ಕಾಯಿರಿ.
ಯಾರು ದೂರಿದ್ದು? ನನಗೆ ಹೊಳೆದದ್ದು ಒಂದೇ ಹೆಸರು:
ಇದ್ವಲ್. ಮೂರು ಬಾಗಿಲಾಚೆ. ಎರಡೂ ಕಣ್ಣಿಲ್ಲ.
ಬೆಳಗಿನ ಐದಕ್ಕೆ ಕೋಲು ಕುಟ್ಟುತ್ತ ಹೋಗಿ
ಬ್ರೆಡ್ಡು, ಪೇಪರು ತರುತ್ತಾನೆ.
ಪೇಪರು ಯಾಕೆಂದು ಯಾರೂ ಕೇಳಿಲ್ಲ.

ಅವನನ್ನು ಬೈಯಲು ಬಾಯಿ ಬರಲಿಲ್ಲ.
ಎಡವಿ ಸೊಂಟ ಮುರಿದರೆ ನೋಡಬೇಕಾದವಳೂ ನಾನೇ.
ಹೊದಿಕೆ ಸುತ್ತಿ ಮೆಟ್ಟಿಲ ಕೆಳಗೆ ಸೇರಿಸಿದೆ.
ಒಂದು ವಾರ ಸೂಪರ್‌ಮಾರ್ಕೆಟ್ಟಿನ ಹಿಂದಿನ ಚಾರ್ಜರಿನಲ್ಲಿ
ಕಾರೊಳಗೇ ಕೂತು, ಫ್ಲಾಸ್ಕಿನ ಚಹಾ ಕುಡಿದು,
ಮೂರು ಪಟ್ಟು ಹಣ ತೆತ್ತು,
ಮೇಲೇರಲೊಲ್ಲದ ಅಂಕಿಯನ್ನು
ಹೆರಿಗೆ ಕೋಣೆಯ ಹೊರಗಿನ ಗಂಡಸಿನಂತೆ ನೋಡಿದೆ.

ಎಂಟನೆಯ ದಿನ, ಇನ್ನೂ ಕತ್ತಲು, ಬಾಗಿಲು ಸದ್ದು.
ಇದ್ವಲ್. ಬ್ರೆಡ್ಡು ತೋಯ್ದಿತ್ತು, ಕಿವಿ ಕೆಂಪಾಗಿತ್ತು.
“ಐರ್ವೆನ್, ಸತ್ತೆಯೋ ಏನೋ ಅಂದುಕೊಂಡೆ.
ನಿನ್ನ ರಬ್ಬರು ಸಿಗದೆ ಇವತ್ತೂ ನನ್ನ ಮನೆ ದಾಟಿ
ಚಾಪೆಲ್ ಗೋಡೆ ತನಕ ಹೋಗಿಬಿಟ್ಟೆ.
ಮುಂಚೆ ಬಾಗಿಲು ಎಣಿಸುತ್ತಿದ್ದೆ, ಈಗ ಸೋಮಾರಿ.
ಕೋಲಿಗೆ ಆ ಉಬ್ಬು ತಗುಲಿದರೆ ಸಾಕು,
ಅಲ್ಲಿಂದ ಇಪ್ಪತ್ತೆರಡು ಹೆಜ್ಜೆ, ನನ್ನ ಬೀಗ.”

ಹಾಗಾದರೆ ದೂರು?
“ಯಾವ ದೂರು?” ಅಂದ.
ಕೊಟ್ಟವರು ಯಾರೆಂದು ಇನ್ನೂ ಗೊತ್ತಿಲ್ಲ.
ಗೊತ್ತಾಗುವುದೂ ಬೇಡ ಅಂದುಕೊಂಡಿದ್ದೇನೆ,
ಬುಧವಾರವೊಂದು ಬಿಟ್ಟು.

ಅರ್ಜಿ ಹಾಕಿದೆ. ಅಳತೆಗೆ ಬಂದ ಹುಡುಗ
ಮಂಡಿಯೂರಿ ಸೀಮೆಸುಣ್ಣದ ಗೆರೆ ಎಳೆದ.
“ಮುಚ್ಚಳ ಕೂತ ಮೇಲೆ ಒಂದೇ ಸಪಾಟು,
ಕಾಲಿಗೆ ಗೊತ್ತೇ ಆಗುವುದಿಲ್ಲ” ಎಂದ, ಹೆಮ್ಮೆಯಿಂದ.
“ಸ್ವಲ್ಪ ಗೊತ್ತಾಗಲಿ” ಅಂದೆ.
“ಎಷ್ಟು?”
ಹೆಬ್ಬೆರಳಿನ ಉಗುರು ತೋರಿಸಿದೆ.
ಅವನು ಚೀಟಿಯಲ್ಲಿ ಬರೆದುಕೊಳ್ಳಲಿಲ್ಲ.
ಆದರೆ ಗೆರೆಯ ಮೇಲೆ ಇನ್ನೊಮ್ಮೆ,
ಒತ್ತಿ, ಗೆರೆ ಎಳೆದ.